ಗಿನಿಕೋಳಿ ಬೇಟೆಯ ಭಾನುವಾರ

ಮೈಸೂರಿನ ಪುಳಿಯೋಗರೆ ಮನೆಯವಳು ಬೇಟೆಗೆ ಹೋಗ್ತಾಳೆ ಅಂದ್ರೆ ನನ್ನ ತವರಿನವರು ಈಗಲೂ ನಂಬಲ್ಲ. ಏನ್ಮಾಡೋದು, ಕಟ್ಟಿಕೊಂಡಿದ್ದು ಕೊಡಗಿನವರನ್ನ. ನೈರೋಬಿಗೆ ಬಂದು ಲ್ಯಾವಿಂಗ್ಟನ್‌ನಲ್ಲಿ ಮನೆ ಮಾಡಿ ಇಷ್ಟು ವರ್ಷವಾದರೂ ನನ್ನ ಗಂಡನಿಗೆ ಕೋವಿಯ ಹುಚ್ಚು ಬಿಟ್ಟಿಲ್ಲ. ಅವರೂ ನಾಲ್ಕೈದು ಸ್ನೇಹಿತರೂ ಸೇರಿ ಕಜಿಯಾಡೋ ಕಡೆ ಒಬ್ಬ ಮುದುಕರ ಜಮೀನಿನಲ್ಲಿ ಹಕ್ಕಿ ಹೊಡೆಯೋಕೆ ಗುತ್ತಿಗೆ ಹಿಡಿದಿದ್ದಾರೆ. ಗಿನಿಕೋಳಿ, ಗೌಜಲಹಕ್ಕಿ, ಅಷ್ಟೇ. ಜಿಂಕೆಗೆ ಗುಂಡು ತಗುಲಿದರೆ ಗುತ್ತಿಗೆ ಹೋಯ್ತು, ಜೊತೆಗೆ ಜೈಲು. ಈ ದೇಶದಲ್ಲಿ ಅದರಲ್ಲಿ ತಮಾಷೆ ಇಲ್ಲ.

ಆ ಭಾನುವಾರ ನಾನು ಹೋಗಿದ್ದು ಬೇಟೆ ನೋಡೋಕಲ್ಲ, ನನ್ನ ಗಂಡನ ಕಣ್ಣು ನೋಡೋಕೆ.

ಕೆಲವು ತಿಂಗಳಿಂದ ಏನೋ ಸರಿಯಿರಲಿಲ್ಲ. ಲೋಟದ ಪಕ್ಕಕ್ಕೆ ಕಾಫಿ ಸುರೀತಿದ್ರು. ಗೇಟಿನ ಕಂಬಕ್ಕೆ ಕಾರು ಉಜ್ಜಿದ್ರು. ವೆಸ್ಟ್‌ಲ್ಯಾಂಡ್ಸ್‌ನಲ್ಲಿ ಕಾರಿನ ಕನ್ನಡಿ ಮುರಿದುಕೊಂಡು ಬಂದು, ಮಟಾಟು ಮಿನಿಬಸ್ ಡ್ರೈವರ್‌ಗೆ ಬುದ್ಧಿ ಇಲ್ಲ ಅಂತ ಕೂಗಾಡಿದ್ರು. ಆ ಟ್ರಾಫಿಕ್‌ನಲ್ಲೇ ದಿನಾ ಬೆಳಿಗ್ಗೆ ಮಗಳನ್ನ ಸ್ಕೂಲಿಗೆ ಬಿಡೋದು ಅವರೇ. ನನ್ನ ಎದೆ ಹೊಡೆದುಕೊಳ್ಳದೆ ಇರುತ್ತಾ? ಕಣ್ಣು ತೋರಿಸಿಕೊಳ್ಳಿ ಅಂದ್ರೆ, "ಕೊಡಗಿನವನ ಕಣ್ಣಿಗೆ ಪರೀಕ್ಷೆಯಾ? ಹೋಗ್ ಮಾರಾಯ್ತಿ!" ಅನ್ನೋರು. ಜಗಳ ಅತಿಯಾದಾಗ ಅವರೇ ಒಂದು ಪಂಥ ಕಟ್ಟಿದ್ರು. "ಭಾನುವಾರ ನಿನ್ನ ಕಣ್ಣೆದುರೇ ಒಂದು ಹಕ್ಕಿ ಬೀಳಿಸ್ತೀನಿ. ಬಿದ್ರೆ ಇನ್ನು ಕಣ್ಣಿನ ಮಾತು ಎತ್ತಬಾರದು. ಬೀಳದಿದ್ರೆ ಕಾರಿನ ಕೀ ನಿಂಗೆ."

ಸರಿ, ಬುತ್ತಿ ಕಟ್ಟಿಕೊಂಡು ಹೊರಟೆ. ಬೆಳಗಿನ ಚಳಿಗೆ ನನ್ನ ಹಳೇ ಕಂದು ಶಾಲು ಹೊದ್ದುಕೊಂಡಿದ್ದೆ. ಜಾಲಿ ಮರದ ಕೆಳಗೆ ಮಡಚೋ ಸ್ಟೂಲ್ ಹಾಕಿ, "ಇಲ್ಲೇ, ನನ್ನ ಬೆನ್ನ ಹಿಂದೆ ಕೂತಿರು. ದಮ್ಮಯ್ಯ, ಏಳಬೇಡ" ಅಂತ ಹೇಳಿ ಅವರು ಮುಂದೆ ಹೋಗಿ ನಿಂತರು. ಕೂತಲ್ಲಿ ಕೂರೋ ಪೈಕಿ ನಾನಲ್ಲ. ಅವರ ಮೊದಲ ಗುಂಡು ಗಾಳಿಗೆ ಹೋಯ್ತು, ಎದ್ದೆ. ಅವರು ತಿರುಗಿ ಕಣ್ಣು ಬಿಟ್ಟರು, ಕೂತೆ. ಎರಡನೇದೂ ಹೋಯ್ತು, ಮತ್ತೆ ಎದ್ದೆ. ಹಕ್ಕಿ ಬೀಳಲಿ ಅಂತ ಕೇಳಿಕೊಳ್ಳಲೋ, ಬೀಳದಿರಲಿ ಅಂತ ಕೇಳಿಕೊಳ್ಳಲೋ ಗೊತ್ತಾಗದೆ ಶಾಲಿನ ಅಂಚನ್ನೇ ಕಚ್ಚುತ್ತಾ ಕೂತೆ. ಬಲಗಡೆ ನಿಂತಿದ್ದ ಮಂಗಳೂರಿನ ಡಾಕ್ಟರು, ಮನೆಯವರ ಹಳೇ ಸ್ನೇಹಿತರು, "ಎಂತ ಅಕ್ಕಾ, ಕೂತುಕೊಳ್ಳಿ ಮಾರಾಯ್ರೆ, ಹಕ್ಕಿ ಎಲ್ಲ ಓಡಿ ಹೋಗ್ತದೆ" ಅಂತ ಪಿಸುಗುಟ್ಟಿದ್ರು.

ಎದುರಿನ ಪೊದೆಯಲ್ಲಿ ಗಿನಿಕೋಳಿಗಳ ಕಟಕಟ ಸದ್ದು ಶುರುವಾಯ್ತು. ಇವರು ಕೋವಿ ಎತ್ತಿ ಭುಜಕ್ಕೆ ಒತ್ತಿದರು. ಅಷ್ಟರಲ್ಲಿ ಪೊದೆಯಿಂದ ಹೊರಗೆ ಬಂದಿದ್ದು ಕೋಳಿಯಲ್ಲ, ಜಿಂಕೆ! ಕೋವಿಯ ನೇರಕ್ಕೇ ಬಂದು ನಿಂತುಬಿಡ್ತು. ದಾರಿ ತೋರಿಸೋಕೆ ಜೊತೆಗೆ ಬಂದಿದ್ದ ಜಮೀನಿನ ಮುದುಕರು ಎರಡೂ ಕೈ ತಲೆ ಮೇಲೆ ಇಟ್ಟುಕೊಂಡರು. ಇವರ ಬೆರಳು ಕೋವಿಯ ಕುದುರೆಯ ಮೇಲೇ ಇತ್ತು. ಅಯ್ಯೋ ದೇವರೇ, ಬೇಟೆಯವರ ಮನೆ ರಕ್ತ, ತಡೆಯುತ್ತಾ ಅಂದುಕೊಂಡೆ. ಆದರೆ ಇವರು ನಿಧಾನಕ್ಕೆ, ತುಂಬ ನಿಧಾನಕ್ಕೆ ಕೋವಿ ಇಳಿಸಿದರು. ಜಿಂಕೆ ಬಾಲ ಅಲ್ಲಾಡಿಸಿ, ಒಂದು ನೆಗೆತ ನೆಗೆದು ಹೋಯ್ತು.

ಮುದುಕರು ಓಡಿ ಬಂದು ಇವರ ಕೈ ಹಿಡಿದು "ಅಸಾಂಟೆ ಸಾನಾ, ಅಸಾಂಟೆ" ಅಂತ ಥ್ಯಾಂಕ್ಸ್ ಹೇಳ್ತಾ ಕುಲುಕಿದ್ದೇ ಕುಲುಕಿದ್ದು. ಇಂಥವರಿಗೆ ಜಮೀನು ಬಿಟ್ಟುಕೊಡೋಕೆ ನನಗೇನೂ ಭಯವಿಲ್ಲ ಅಂದರು. ಡಾಕ್ಟರು, "ನಾನಾಗಿದ್ರೆ ಕೈ ತಡೀತಿರ್ಲಿಲ್ಲ ಮಾರಾಯ್ರೆ" ಅಂದರು. ನನಗಂತೂ ಕಣ್ಣು ತುಂಬಿ ಬಂತು. ಇಂಥ ಗಂಡನ ಮೇಲೆ ಇಷ್ಟು ದಿನ ಹರಿಹಾಯ್ತಿದ್ದೆನಲ್ಲ ಅನ್ನಿಸಿತು. ಪಂಥ ಗಿಂಥ ಎಲ್ಲ ಹಾಳಾಗಿ ಹೋಗಲಿ ಅಂದುಕೊಂಡು ಪುಳಿಯೋಗರೆ ಬಡಿಸಿದೆ. ಇವರು ಒಂದು ತುತ್ತೂ ತಿನ್ನಲಿಲ್ಲ. ಯಾರು ಹೊಗಳಿದರೂ "ಹೂಂ" ಅಂದು ನೆಲ ನೋಡುತ್ತಿದ್ದರು.

ವಾಪಸ್ ಬರುವಾಗ ಅವರೇ ಕಾರು ಓಡಿಸ್ತಿದ್ರು. ಎದುರಿಂದ ಲಾರಿಗಳು ಭರ್ರೋ ಅಂತ ಬರ್ತಿದ್ವು. ನನ್ನ ಬಾಯಿ ಸುಮ್ಮನಿರುತ್ತಾ?

"ಎಷ್ಟು ಚೆನ್ನಾಗಿತ್ತು ರೀ ಅದು! ಕಿವಿ ನೆಟ್ಟಗೆ ಮಾಡ್ಕೊಂಡು ನಿಮ್ಮನ್ನೇ ನೋಡ್ತಿತ್ತು."

"ಎಷ್ಟು ದೂರ ಇತ್ತು?" ಅಂದರು.

"ಏನು ಹಾಗಂದ್ರೆ? ನಮ್ಮ ಗೇಟಿಂದ ಬಾಗಿಲಿಗೆ ಎಷ್ಟಿದೆಯೋ ಅಷ್ಟು."

ಅವರು ಕಾರನ್ನ ಮಣ್ಣಿನ ಅಂಚಿಗೆ ಇಳಿಸಿ ನಿಲ್ಲಿಸಿದರು.

"ನಂಗೆ ಜಿಂಕೆ ಕಾಣ್ಲಿಲ್ಲ ಕಣೇ. ಕಂದು ಬಣ್ಣದ್ದೇನೋ ಮಸುಕಾಗಿ ಎದ್ದು ನಿಂತ ಹಾಗಾಯ್ತು. ನೀನು ಅಂದ್ಕೊಂಡೆ."

"ನಾನಾ?"

"ನಿನ್ನ ಶಾಲು ಅಂದ್ಕೊಂಡೆ. ಸುಮ್ಮನೆ ಕೂರೋಳಲ್ಲ ನೀನು, ಎದ್ದು ಅಡ್ಡ ಬಂದುಬಿಟ್ಟೆ ಅಂದ್ಕೊಂಡೆ. ಇನ್ನೊಂಚೂರು ಒತ್ತಿದ್ರೆ..."

ಬೈಬೇಕು ಅಂತ ಬಾಯಿ ತೆಗೆದೆ. ತಿಂಗಳುಗಟ್ಟಲೆ ಕೂಡಿಟ್ಟುಕೊಂಡಿದ್ದ ಬೈಗುಳ ಒಂದೂ ಬರಲಿಲ್ಲ. "ನಾನೇನು ಜಿಂಕೆ ಥರ ಇದ್ದೀನೇನ್ರೀ?" ಅಂದುಬಿಟ್ಟೆ. ಅವರು ನಕ್ಕರು, ನಗ್ತಾ ನಗ್ತಾನೇ ಅತ್ತರು. ಮದುವೆಯಾದ ಮೇಲೆ ಅವರು ಅತ್ತಿದ್ದನ್ನ ನಾನು ನೋಡಿರಲಿಲ್ಲ.

ಆಮೇಲೆ ಅವರೇ ಇಳಿದು, ಬಾನೆಟ್ ಮೇಲೆ ಕೈ ಸವರಿಕೊಂಡು ಈ ಕಡೆಗೆ ಬಂದರು. ನಾನು ಆ ಕಡೆಗೆ ಸರಿದು ಸ್ಟೇರಿಂಗ್ ಹಿಡಿದೆ. ದಾರಿಯುದ್ದಕ್ಕೂ ನನ್ನ ಶಾಲಿನ ತುದಿ ಅವರ ಮುಷ್ಟಿಯಲ್ಲಿತ್ತು.

ಮನೆ ಮುಟ್ಟಿದಾಗ ಗೇಟಿನ ಹತ್ತಿರ ಮಗಳು ನಿಂತಿದ್ದಳು. "ಅಮ್ಮಾ, ವೈ ಆರ್ ಯೂ ಡ್ರೈವಿಂಗ್?" ಅಂದಳು.

ಅಪ್ಪನಿಗೆ ಸುಸ್ತಾಗಿದೆ ಅಂತ ಹೇಳೋಣ ಅಂದುಕೊಂಡೆ. ಅಷ್ಟರಲ್ಲಿ ಇವರೇ ಕಿಟಕಿಯಿಂದ ಮುಖ ಹೊರಗೆ ಹಾಕಿದರು.

"ನಂಗೆ ಸರಿಯಾಗಿ ಕಣ್ಣು ಕಾಣಲ್ಲ ಮಗಳೇ" ಅಂದರು. "ನಾಳೆಯಿಂದ ಅಮ್ಮನೇ ನಿನ್ನ ಸ್ಕೂಲಿಗೆ ಬಿಡೋದು."