ಗಾಜಿನಾಚೆಯ ತುಟಿಮಾತು

ಬರ್ನ್ಲಿಯ ನಮ್ಮ ಗಿರಣಿಯಲ್ಲಿ ಮಗ್ಗಗಳು ಶುರುವಾದವೆಂದರೆ ಕೂಗಿದರೂ ಪಕ್ಕದವಳಿಗೆ ಕೇಳದು. ಅದಕ್ಕೇ ನೇಯುವ ಹೆಂಗಸರೆಲ್ಲ ತುಟಿಯಲ್ಲೇ ಮಾತಾಡುತ್ತಿದ್ದೆವು. ಚಿಕ್ಕ ಮಾತು ಸಲೀಸು. ಉದ್ದನೆಯದಾದರೆ ತುಂಡು ಮಾಡಬೇಕು, ಒತ್ತು ಬೀಳುವ ತುಂಡಿಗೆ ಬಾಯಿ ಅಗಲಿಸಬೇಕು. ಒತ್ತು ಜಾಗ ತಪ್ಪಿದರೆ ನೋಡುವವಳಿಗೆ ಏನೂ ತಿಳಿಯದು.

ಇದರಲ್ಲಿ ಟಬಿತಾಳನ್ನು ಮೀರಿಸುವವರಿರಲಿಲ್ಲ. ಚಿಕ್ಕಂದಿನಲ್ಲೇ ಗಿರಣಿ ಸೇರಿ, ಮಗ್ಗದ ಸದ್ದಿಗೆ ಕಿವಿ ಪೂರ್ತಿ ಕಳೆದುಕೊಂಡಿದ್ದಳು. ಯುದ್ಧಕ್ಕೆ ಹೋದ ಗಂಡ ಬರಲಿಲ್ಲ. ಮಗಳು ಡೋರಾಳಿಗೆ ತೊಟ್ಟಿಲಲ್ಲೇ ತುಟಿಮಾತು ಕಲಿಸಿದ್ದಳು. ತಾಯಿಮಗಳು ಬಾಗಿಲಲ್ಲಿ ಕೂತು, ಯಾವುದೋ ದೂರದ ಊರಿನ ಹೆಸರು, "ಕಾನ್–ಸ್ಟಾನ್–ಟಿ–ನೋ–ಪಲ್" ಅಂತ 'ನೋ'ಗೆ ಬಾಯಿ ಅಗಲಿಸಿ ಆಡುತ್ತಿದ್ದರೆ ಬೀದಿಯೇ ನಗುತ್ತಿತ್ತು.

ಆ ಚಳಿಗಾಲ ಟಬಿತಾಳ ಕೆಮ್ಮಿನಲ್ಲಿ ರಕ್ತ ಬಂತು. ಡಾಕ್ಟರು ನೋಡಿ, ಅವಳ ಅಕ್ಕ ಆಗ್ನೆಸ್‌ಗೆ ಏನೋ ಹೇಳಿ ಹೋದರು. ಅಲ್ಲೇ ಇದ್ದ ನನಗೆ ಕೇಳಿಸಿತು. ಆಗ್ನೆಸ್ ತಂಗಿಯ ಕಡೆ ತಿರುಗಿ, "ಬರೀ ನಿಶ್ಶಕ್ತಿಯಂತೆ ಕಣೇ. ಸಾರು ಕುಡಿದ್ರೆ ಸರಿಹೋಗತ್ತೆ," ಅಂದು ಅಡುಗೆಮನೆಗೆ ಹೋದಳು.

ಟಬಿತಾ ನನ್ನ ಶಾಲು ಹಿಡಿದೆಳೆದಳು. "ಆ ಡಾಕ್ಟರಪ್ಪಂದು ಮೀಸೆಯೋ ಪೊರಕೆಯೋ, ಒಂದಕ್ಷರ ಕಾಣಲಿಲ್ಲ. ಏನಂದ?"

"ನಿಮ್ಮಕ್ಕ ಹೇಳಿದಳಲ್ಲ."

"ಸುಳ್ಳು ಹೇಳೋವಾಗ ಅವಳ ತುಟಿ ಬಿಗಿಯಾಗತ್ತೆ. ಡೋರಾ ನನ್ನ ಮಗ್ಗುಲಲ್ಲೇ ಮಲಗ್ತಾಳೆ ಕಣೇ, ನನ್ನ ಲೋಟದಲ್ಲೇ ಕುಡೀತಾಳೆ. ಅಂಟೋ ರೋಗ ಆದ್ರೆ ಹೇಳಿಬಿಡು."

ನಾನು ಬೆಳಕಿಗೆ ಮುಖ ಮಾಡಿದೆ. ಟ್ಯು–ಬರ್–ಕ್ಯು–ಲೋ–ಸಿಸ್. 'ಲೋ'ಗೆ ಬಾಯಿ ಅಗಲಿಸಿದೆ. ಕ್ಷಯ. ಅವಳೂ ಒಮ್ಮೆ ತುಟಿಯಲ್ಲಿ ಆಡಿ ನೋಡಿದಳು. ಒತ್ತು ಬೀಳಬೇಕಾದ ಕಡೆಯೇ ಬಿತ್ತು.

"ಮಗೂನ ಇವತ್ತೇ ನಿನ್ನ ಮನೆಗೆ ಕರ್ಕೊಂಡು ಹೋಗು. ಅತ್ತರೂ ಈ ಮನೆಯೊಳಗೆ ಬಿಡಬೇಡ."

ಆಗ್ನೆಸ್ ನನ್ನೊಡನೆ ಮಾತು ಬಿಟ್ಟಳು. ಸಾಯೋಳ ಮಡಿಲಿಂದ ಕೂಸನ್ನ ಕಿತ್ಕೊಂಡ ಪುಣ್ಯಾತ್ಗಿತ್ತಿ ಅಂತ ಬೀದಿಯಲ್ಲೆಲ್ಲ ಹೇಳಿಕೊಂಡು ಬಂದಳು.

ದಿನಾ ಸಂಜೆ ಡೋರಾಳನ್ನು ಟಬಿತಾಳ ಕಿಟಕಿಯ ಹೊರಗೆ ನಿಲ್ಲಿಸುತ್ತಿದ್ದೆ. ತಾಯಿ ಒಳಗಿನಿಂದಲೇ ಊಟ, ಶಾಲೆ, ಜಡೆ ಎಲ್ಲ ವಿಚಾರಿಸುವಳು. ಕೊನೆಗೆ ಆ ಊರಿನ ಹೆಸರು, ಇಬ್ಬರೂ ಒಟ್ಟಿಗೆ. ತುಟಿಮಾತಿಗೆ ದನಿ ಬೇಡ, ಆದರೆ ಬಾಯಿ ಅಗಲಿಸಲು ತ್ರಾಣ ಬೇಕು. ಮಾರ್ಚ್ ಹೊತ್ತಿಗೆ ಅದೂ ಇರಲಿಲ್ಲ. ಎಲ್ಲ ತುಂಡೂ ಒಂದೇ ಸಮ ಬಂದವು.

"ಅಮ್ಮ ಏನಂತಿದಾಳೆ? ನಂಗೆ ತಿಳೀತಿಲ್ಲ," ಅಂದಳು ಡೋರಾ.

"ಅದೇ ನಿಮ್ಮ ಆ ದೂರದ ಊರಿನ ಹೆಸರು."

ಹುಡುಗಿ ಗಾಜಿಗೆ ಮೂಗು ಒತ್ತಿ, 'ನೋ'ಗೆ ಆದಷ್ಟೂ ಬಾಯಿ ಅಗಲಿಸಿ, ನಿಧಾನವಾಗಿ ತಾಯಿಗೆ ಹೇಳಿಕೊಟ್ಟಳು. ಟಬಿತಾ ನೋಡುತ್ತಲೇ ಇದ್ದಳು. ತುಟಿ ಅಲುಗಲಿಲ್ಲ.

ಆ ವಾರವೇ ಹೋದಳು. ಡೋರಾಳಿಗೆ ಆ ಕೆಮ್ಮು ಬರಲಿಲ್ಲ.