ಚಪ್ಪಲಿ ಅಂಗಡಿಯ ಬೋಣಿ

"ಫೇಲಾಗಿ ಕಾಲೇಜು ಬಿಟ್ಟಿದ್ದಲ್ಲ ಸಾರ್, ಬೋರಾಗಿ ಬಿಟ್ಟಿದ್ದು," ಅಂದೆ. ಗಾಂಧಿಬಜಾರಿನ ಚಪ್ಪಲಿ ಅಂಗಡಿ ಓನರ್ ಇನ್ನೂ ಏನೂ ಕೇಳೇ ಇರ್ಲಿಲ್ಲ, ನನ್ನ ಬಯೋಡೇಟಾ ನೋಡ್ತಿದ್ರು ಅಷ್ಟೆ. ಕೆಲಸ ಸಿಗುತ್ತೆ ಅಂತ ಅಮ್ಮಂಗೆ ಮಾತು ಕೊಟ್ಟು ಬಂದಿದ್ದೆ.

ಅಷ್ಟರಲ್ಲಿ ಒಬ್ಬರು ಅಜ್ಜಿ ಬಂದ್ರು. "ಇವರಿಗೆ ಮಾರು. ಬೋಣಿ ಆದ್ರೆ ಕೆಲಸ ನಿಂದು," ಅಂದ್ರು ಓನರ್.

ಅಜ್ಜಿ ಒಂದು ಜೋಡಿ ಹಾಕ್ಕೊಂಡು ನಾಲ್ಕು ಹೆಜ್ಜೆ ನಡೆದ್ರು. "ಚೆನ್ನಾಗಿದೆ ಕಣಪ್ಪಾ. ದಿನಾ ದೇವಸ್ಥಾನಕ್ಕೆ ಹಾಕ್ಕೊಂಡು ಹೋಗ್ಬಹುದಾ?"

ಹೂಂ ಅಂದಿದ್ರೆ ಸಾಕಿತ್ತು. ಆದ್ರೆ ಅವರು ಬಿಸಿಲಲ್ಲಿ ಬರಿಗಾಲಲ್ಲಿ ಮನೆಗೆ ಬರೋದು ಕಣ್ಮುಂದೆ ಬಂತು.

"ಹೊಸದನ್ನ ಹೊರಗೆ ಬಿಟ್ರೆ ಯಾರಾದ್ರೂ ಎತ್ಕೊಂಡು ಹೋಗ್ತಾರಜ್ಜಿ. ದೇವಸ್ಥಾನಕ್ಕೆ ನಿಮ್ಮ ಹಳೇದೇ ಸೇಫು."

ಅಜ್ಜಿ ನಕ್ಕು ಹಳೇದನ್ನೇ ಮೆಟ್ಕೊಂಡ್ರು. "ಒಳ್ಳೇ ಹುಡುಗ, ಕೆಲಸಕ್ಕೆ ಇಟ್ಕೊಳ್ಳಿ," ಅಂತ ಓನರ್‌ಗೆ ಶಿಫಾರಸು ಮಾಡಿ, ಏನೂ ತಗೊಳ್ದೆ ಹೊರಟು ಹೋದ್ರು.