ಮೇಷ್ಟ್ರ ಕೆಂಪು ನಕ್ಷತ್ರಗಳು

ಹಳೆಯ ಗ್ರಾಫ್ ಹಾಳೆಯ ಬಲ ಅಂಚಿನಲ್ಲಿ ಹಸಿರು ಶಾಯಿಯ ಒಂದು ಸೊನ್ನೆ. ಅದರ ಸುತ್ತ ಎರಡು ಸಲ ಎಳೆದ ಗೆರೆ. ಮೊನ್ನೆ ಕುಂಬಾರಕೊಪ್ಪಲಿನ ನಮ್ಮ ಮನೆಯಲ್ಲಿ ಬೀರು ಖಾಲಿ ಮಾಡುವಾಗ ಸಿಕ್ಕಿತು. ನನ್ನ ಪಿಎಚ್‌ಡಿಗೆ ಗೈಡ್ ಆಗಿದ್ದ ಮೇಷ್ಟ್ರು ಬರೆದದ್ದು. ಅವರು ತೀರಿಕೊಂಡು ತಿಂಗಳಾಗಿತ್ತು. ಸ್ಮರಣ ಸಂಚಿಕೆಗೆ ನಾಲ್ಕು ಒಳ್ಳೆಯ ಮಾತು ಬರೆದುಕೊಡಿ ಎಂದು ವಿಭಾಗದವರು ಕೇಳಿದ್ದರು.

ಒಳ್ಳೆಯ ಮಾತು... ಹುಡುಕಬೇಕಾಯಿತು.

ಮೇಷ್ಟ್ರ ಮನೆ ಅಗ್ರಹಾರದಲ್ಲಿತ್ತು. ಸಹಿ ಬೇಕಾದವರು ಗುರುವಾರ ಬೆಳಿಗ್ಗೆ ಹೋಗಿ, ಪೂಜೆ ಮುಗಿಯುವವರೆಗೆ ಜಗಲಿಯ ಮೇಲೆ ಕಾಯಬೇಕಿತ್ತು. ದೈತ್ಯ ನಕ್ಷತ್ರಗಳ ಬದುಕನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ಅವರ ಕೆಲಸ. ಅದಕ್ಕೆ ಬೇಕಾದ ಅಂಕಿಗಳನ್ನೆಲ್ಲ ತುಂಬಿದ ಒಂದು ಫೈಲು, ಸೀನಿಯರಿನಿಂದ ಜೂನಿಯರಿಗೆ ಇಳಿದು ಬಂದದ್ದು. ಆಯುಧಪೂಜೆಯಲ್ಲಿ ಆ ಕಂಪ್ಯೂಟರಿಗೆ ಕುಂಕುಮ ಹಚ್ಚುತ್ತಿದ್ದೆವು. ಫೈಲನ್ನು ಯಾರೂ ಓದಿರಲಿಲ್ಲ. ನಾನು ಓದಿದೆ. ನಕ್ಷತ್ರದ ಒಳಗಿನ ಅನಿಲ ಎಷ್ಟು ಕಲಸಿಕೊಳ್ಳುತ್ತದೆ ಎಂಬ ಸಾಲಿನಲ್ಲಿ ಸೊನ್ನೆಯಿತ್ತು, ಅಂದರೆ ಕಲಸಿಕೊಳ್ಳುವುದೇ ಇಲ್ಲ. ಹಳೆಯ ಕಂಪ್ಯೂಟರ್ ನಿಧಾನವೆಂದು ಯಾವಾಗಲೋ ಹಾಕಿ ಮರೆತಿದ್ದರು.

ಸೊನ್ನೆ ತೆಗೆದು ಸರಿಯಾದ ಅಂಕಿ ಹಾಕಿದೆ. ಕಬ್ಬಿಣದಂಥ ಭಾರದ ಧಾತುಗಳು ಕಡಿಮೆಯಿದ್ದು ವೇಗವಾಗಿ ತಿರುಗುವ ನಕ್ಷತ್ರಗಳಲ್ಲಿ, ನಡುವೆ ಹುಟ್ಟಿದ ಹೀಲಿಯಂ ಮೇಲ್ಮೈವರೆಗೂ ಹರಡಿತು. ಅವು ಊದಲೇ ಇಲ್ಲ. ಚಿಕ್ಕದಾಗಿ, ನೀಲಿಯಾಗಿ ಉಳಿದವು. ದೈತ್ಯ ನಕ್ಷತ್ರಗಳೆಲ್ಲ ಊದಿ ಕೆಂಪಾಗಿಯೇ ತೀರುತ್ತವೆ ಎಂಬ ಮಾತಿನ ಮೇಲೆ ಮೇಷ್ಟ್ರ ಹೆಸರೆಲ್ಲ ನಿಂತಿತ್ತು.

ಹೊಸ ಲೆಕ್ಕದ ಗ್ರಾಫನ್ನು ಅವರ ಮುಂದಿಟ್ಟೆ. ಅವರಿಗೆ ಒಂದೇ ನೋಟಕ್ಕೆ ಅರ್ಥವಾಯಿತು. ಆಮೇಲೆ ನನಗೆ ಹೇಸಿಗೆಯಾದದ್ದು ಅದಕ್ಕೇ.

"ಚೆನ್ನಾಗಿದೆ ಕಣಮ್ಮ. ಆದ್ರೆ ನಂದು ತಪ್ಪು ಅಂತ ನನ್ನ ಕೈಲೇ ಸೈನ್ ಹಾಕಿಸ್ತೀಯಾ? ಸೊನ್ನೆ ಹಾಕ್ಬುಡು, ಡಾಕ್ಟರ್ ಆಗ್ಬುಡು," ಎಂದರು. ನಾನು ಮರೆತೇನೆಂದೋ ಏನೋ, ಗ್ರಾಫಿನ ಅಂಚಿನಲ್ಲಿ ಬರೆದೂ ಕೊಟ್ಟರು.

"ನಕ್ಷತ್ರ ಹಾಗಿಲ್ವಲ್ಲ ಸರ್?"

"ಅದೇನು ಬಂದು ಕಂಪ್ಲೇಂಟ್ ಕೊಡುತ್ತಾ?"

ಹಾಕಿದೆ. ಆ ಲೆಕ್ಕ ನಮ್ಮಿಬ್ಬರ ಹೆಸರಿನಲ್ಲಿ ಒಂದು ಜರ್ನಲ್ಲಿನಲ್ಲೂ ಅಚ್ಚಾಯಿತು. ಡಾಕ್ಟರ್ ಆದೆ. ಘಟಿಕೋತ್ಸವದ ದಿನ ಅವರ ಕಾಲಿಗೂ ಬಿದ್ದೆ. ತಿರಸ್ಕಾರವನ್ನೆಲ್ಲ ಅವರೊಬ್ಬರಿಗೇ ಮೀಸಲಿಟ್ಟು ಐದು ವರ್ಷ ನೆಮ್ಮದಿಯಾಗಿದ್ದೆ...

ಈಗ ಅವರಿಲ್ಲ. ಆ ಗ್ರಾಫನ್ನು ಮತ್ತೆ ಎದುರಿಗಿಟ್ಟರೆ ಮುಖ ಬಾಡಬೇಕಾಗಿದ್ದ ಮನುಷ್ಯನೇ ಇಲ್ಲ. ಅದೂ ಒಂದು ನಷ್ಟವೇ, ಒಪ್ಪುತ್ತೇನೆ. ಸಂಚಿಕೆಗೆಂದು 'ಅವರು ಬುದ್ಧಿವಂತರಾಗಿದ್ದರು' ಎಂಬ ಒಂದು ಸಾಲು ಬರೆದೆ. ಎರಡನೆಯದು ಬರಲಿಲ್ಲ.

ಮರುದಿನ ಬೆಳಿಗ್ಗೆ, ಆ ಪ್ರಬಂಧ ಅಚ್ಚು ಹಾಕಿದ್ದ ಜರ್ನಲ್ಲಿನ ಸಂಪಾದಕರಿಗೆ ಬರೆದೆ: ಅದರ ಫಲಿತಾಂಶ ತಪ್ಪು, ತಪ್ಪೆಂದು ಗೊತ್ತಿದ್ದೇ ನಾನು ಕೊಟ್ಟಿದ್ದೆ. ಕೆಳಗೆ ನನ್ನ ಹೆಸರನ್ನಷ್ಟೇ ಹಾಕಿ ಕಳಿಸಿದೆ.